ಓದುಗರ ಪ್ರಶ್ನೆ: ಅಸಲು ಪತ್ರ ಯಾರ ಮನೆಯ ಟ್ರಂಕಿನಲ್ಲಿದೆ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಮುತ್ತಾತನ ಕಾಲದ ಪತ್ರವೊಂದರ ಜೆರಾಕ್ಸ್ ಮನೆಯಲ್ಲಿದೆ. ‘ಈಶ್ವರ ನಾಮ ಸಂವತ್ಸರ’ ಎಂದಿದೆ, ಇಸವಿ ಇಲ್ಲ. ಜಮೀನಿನ ಜಗಳ ಏನೂ ಇಲ್ಲ. ಹಿರಿಯರು ರುಜು ಹಾಕಿದ ಅಸಲು ಕಾಗದವನ್ನೇ ನೋಡುವ ಆಸೆ ಅಷ್ಟೆ. ಯಾವ ಆಫೀಸಿಗೆ ಹೋಗಬೇಕು?

ಉತ್ತರ: ಆಫೀಸಿಗೆ ಆಮೇಲೆ ಹೋಗಿ. ಮೊದಲು ಆ ಜೆರಾಕ್ಸ್ ಎಲ್ಲಿಂದ ಬಂತು ಅಂತ ಮನೆಯ ಹಿರಿಯರನ್ನು ಕೇಳಿ. ಜೆರಾಕ್ಸ್ ಇದೆ ಅಂದರೆ ನಮ್ಮ ಕಡೆ ಆ ಮೆಷಿನ್ ಬಂದ ಮೇಲೂ ಅಸಲು ಯಾರ ಕೈಯಲ್ಲೋ ಇತ್ತು ಅಂತಾಯ್ತು, ಅಲ್ವಾ? ನೂರು ವರ್ಷದ ಹಿಂದೆ ಕಳೆದುಹೋದ ಕಾಗದವಲ್ಲ ಅದು.

ಎಷ್ಟೋ ಜನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಸಲು ಇರುತ್ತದೆ ಅಂದುಕೊಂಡು ಅಲೆಯುತ್ತಾರೆ. ಇರುವುದಿಲ್ಲ. ನೋಂದಣಿ ಆದ ಮೇಲೆ ಅಸಲನ್ನು ಪಕ್ಷಗಾರರಿಗೆ ವಾಪಸ್ ಕೊಡುತ್ತಾರೆ, ಆಫೀಸಿನ ಪುಸ್ತಕದಲ್ಲಿ ಉಳಿಯುವುದು ನಕಲು. ನಿಮಗೆ ಸಿಗುವ ದೃಢೀಕೃತ ಪ್ರತಿ ಕೋರ್ಟಿಗೆ ಸಾಕು, ನಿಮ್ಮ ಆಸೆಗೆ ಸಾಲದು.

ಹಾಗಾಗಿ ಪತ್ರ ಯಾವ ಜಾತಿಯದು ಅಂತ ನೋಡಿ. ಕ್ರಯಪತ್ರವಾದರೆ ಅಸಲು ಕೊಂಡವರ ಮನೆಗೆ ಹೋಗಿರುತ್ತದೆ. ಭೋಗ್ಯಪತ್ರವಾದರೆ ಸಾಲ ಕೊಟ್ಟವರ ಕಡೆ, ಸಾಲ ತೀರಿದ್ದರೆ ಷರಾ ಬರೆಸಿಕೊಂಡು ನಿಮ್ಮ ಕಡೆಗೇ ಬಂದಿರಬೇಕು. ಪಾಲು ಪಾರಿಖತ್ತು ಆದರೆ ಹಿರಿಯಣ್ಣನ ಕವಲಿನಲ್ಲಿ ಹುಡುಕಿ, ಮಾತು ಬಿಟ್ಟ ದಾಯಾದಿಯಾದರೂ ಸರಿ, ಹಬ್ಬಕ್ಕೋ ಮದುವೆಗೋ ಸಿಕ್ಕಾಗ ‘ಪಾಲು ಕೇಳಕ್ಕೆ ಬಂದಿಲ್ಲ, ನೋಡಕ್ಕೆ ಬಂದೆ’ ಅಂತ ಮೊದಲೇ ಹೇಳಿಬಿಡಿ. ಆಮೇಲೆ ಊರಿನ ಹಳೇ ಶಾನುಭೋಗರ ಮನೆ. 1961ರ ಕಾಯ್ದೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು, ಆದರೆ ಕೆಲವು ಮನೆಗಳ ಟ್ರಂಕುಗಳಲ್ಲಿ ಹಳೆಯ ಲೆಕ್ಕದ ಕಾಗದ ಇನ್ನೂ ಇವೆ.

ಈಗ ಇಸವಿ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಆದ್ದರಿಂದ ನಿಮ್ಮ ಈಶ್ವರ 1877-78 ಆಗಬಹುದು, 1937-38 ಕೂಡ ಆಗಬಹುದು. ಮೊದಲನೆಯದಾದರೆ ಅದು ಧಾತು-ಈಶ್ವರದ ಬರದ ವರ್ಷ, ಮೈಸೂರು ಸೀಮೆ ಬ್ರಿಟಿಷ್ ಕಮಿಷನರ್ ಕೈಯಲ್ಲಿದ್ದ ಕಾಲ. ಜೆರಾಕ್ಸಿನ ಮೊದಲ ಸಾಲನ್ನು ಭೂತಗನ್ನಡಿ ಹಿಡಿದು ಓದಿ, ಶಾಲಿವಾಹನ ಶಕ 1799 ಅಂತಿದ್ದರೆ 1877, 1859 ಅಂತಿದ್ದರೆ 1937. ಶಕಕ್ಕೆ 78 ಕೂಡಿಸಿದರೆ ಆಯಿತು. ಶಕವೂ ಅಳಿಸಿದ್ದರೆ ತಿಥಿ ಮತ್ತು ವಾರ ಎರಡೂ ಯಾವ ವರ್ಷಕ್ಕೆ ಹೊಂದುತ್ತವೆ ಅಂತ ಹಳೆಯ ಪಂಚಾಂಗ ನೋಡಬೇಕು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಸರ್ವೆ ನಂಬರ್ ಇಲ್ಲದೆ ಹೋಗಬೇಡಿ, ಸುಮ್ನೆ ದಿನ ಹಾಳು. ಹಳೆಯ ಕಾಗದಗಳಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಮಂಜರಾಬಾದ್ ಅಂತಿರುತ್ತದೆ, ಅದೂ ನೆನಪಿರಲಿ. ಸಂಸ್ಥಾನದ ಕಾಲದ ಸರ್ಕಾರಿ ಕಡತಗಳಿಗೆ ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರವಿದೆ. ಇನ್ನೂ ಹಿಂದಕ್ಕೆ ಹೋಗುವ ಉತ್ಸಾಹವಿದ್ದರೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 5ನೇ ಸಂಪುಟ ತೆರೆಯಿರಿ, 1902ರದ್ದು, ಪೂರ್ತಿ ಹಾಸನ ಜಿಲ್ಲೆಯ ಶಾಸನಗಳು. ಅದರಲ್ಲಿ ನಿಮ್ಮೂರಿನ ಗೌಡರೊಬ್ಬರ ಹೆಸರು ಕಂಡ ಕೂಡಲೇ ನಮ್ಮಜ್ಜ ಅಂತ ವಂಶವೃಕ್ಷಕ್ಕೆ ಸೇರಿಸಬೇಡಿ. ಈ ಚಟ ನಮ್ಮಲ್ಲಿ ಸ್ವಲ್ಪ ಜಾಸ್ತಿ.

ಪ್ರಶ್ನೆ: ಕೊಪ್ಪದ ಹತ್ತಿರದ ನಮ್ಮ ಹಳೆಮನೆಯ ಅಟ್ಟದಲ್ಲಿ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕಿದೆ. ಮೇಲೆ ಬಿಳಿ ಅಕ್ಷರ, ತುಂಬ ಧೂಳು. ಒದ್ದೆ ಬಟ್ಟೆಯಲ್ಲಿ ಒರೆಸಬಹುದಾ? ಒಬ್ಬರು ಕೊಂಡುಕೊಳ್ಳುತ್ತೇನೆ ಅಂತಲೂ ಬಂದಿದ್ದಾರೆ.

ಉತ್ತರ: ದಯವಿಟ್ಟು ಒರೆಸಬೇಡಿ! ಅದು ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಮಕ್ಕಳ ಸ್ಲೇಟಿನ ಹಾಗೆ, ಒದ್ದೆ ಕೈ ತಾಗಿದರೆ ಅಕ್ಷರ ಹೋಯಿತು. ಎಣ್ಣೆಯೂ ಬೇಡ, ಅದು ತಾಳೆಗರಿಯ ಉಪಚಾರ. ಮೆಲ್ಲಗೆ ಊದಿ ಧೂಳು ಹಾರಿಸಿ, ಕಿಟಕಿ ಪಕ್ಕ ಓರೆ ಬೆಳಕಿನಲ್ಲಿಟ್ಟು ಪ್ರತಿ ಮಡಿಕೆಯ ಫೋಟೊ ಮೊಬೈಲಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಹಾಕಬೇಡಿ. ಲೇಯರ್ ಬಿಡುತ್ತಿದ್ದರೆ ಬಲವಂತವಾಗಿ ಬಿಡಿಸಬೇಡಿ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ, ಅಂದರೆ ನಿಮ್ಮ ಸೀಮೆಯಲ್ಲಿ ಅದನ್ನು ಓದಬಲ್ಲವರನ್ನು ಹುಡುಕುವುದು ಬೇರೆ ಕಡೆಗಿಂತ ಸುಲಭ.

ಮಾರುವ ವಿಷಯಕ್ಕೆ ಬಂದರೆ, 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಚರಿತ್ರೆಯ ದೃಷ್ಟಿಯಿಂದ ಬೆಲೆಯುಳ್ಳ 75 ವರ್ಷ ದಾಟಿದ ಹಸ್ತಪ್ರತಿ, ದಾಖಲೆಗಳೂ ಪುರಾವಸ್ತುವೇ. ಅವುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಬಂದವರ ಹತ್ತಿರ ಅದನ್ನು ಕೇಳಿ. ಲೈಸೆನ್ಸ್ ಇದ್ದರೂ, ಅದರಲ್ಲಿ ಏನಿದೆ ಅಂತ ಓದಿಸುವ ತನಕ ಕಡತವನ್ನು ಮನೆಯಿಂದ ಹೊರಗೆ ಕೊಡಬೇಡಿ.