ಮೊಣಕಾಲಿನ ಕಾರ್ಟಿಲೇಜ್ ದಪ್ಪವನ್ನು ವರ್ಷಾ ವರ್ಷ ಎಂಆರ್‌ಐ ಮಾಡಿ ಅಳೆಸಬೇಕಾ?

ಶಿರಸಿಯಲ್ಲಿರುವ ನಿಮ್ಮ ಆಯಿಗೆ 62 ವರ್ಷ. ಎಂಆರ್‌ಐ ರಿಪೋರ್ಟಿನಲ್ಲಿ ಮೆನಿಸ್ಕಸ್ (ಮೊಣಕಾಲಿನ ಮೂಳೆಗಳ ನಡುವಿನ ಮೆತ್ತೆ) ಗ್ರೇಡ್ 2 ಅಂತಿದೆ, ಕಾರ್ಟಿಲೇಜ್ (ಮೂಳೆ ತುದಿಯ ನುಣುಪಾದ ಹೊದಿಕೆ) ದಪ್ಪ 2 ಮಿ.ಮೀ. ಎಂದು ಸಾಫ್ಟ್‌ವೇರ್ ಹೇಳಿದೆ. ಮುಂದಿನ ವರ್ಷ ಮತ್ತೆ ಅಳೆಸಿ ಸವೆತ ಎಷ್ಟಾಯ್ತು ನೋಡೋಣವೇ ಅಂತ ಕೇಳಿದ್ದೀರಿ. ನಾನು ಎಂಆರ್‌ಐ ಟೆಕ್ನಿಷಿಯನ್, ಊರು ಕುಮಟಾ. ಅಷ್ಟಕ್ಕೇ ಆದರೆ ಸುಮ್ನೆ ದುಡ್ಡು ದಂಡ.

ಸಾಫ್ಟ್‌ವೇರ್ ಕೆಟ್ಟದ್ದೇನಲ್ಲ. ಒಂದೊಂದು ಚಿತ್ರದಲ್ಲೂ ಕಾರ್ಟಿಲೇಜಿನ ಅಂಚು ಗುರುತಿಸಿ, ಸಾವಿರಾರು ಕಡೆ ದಪ್ಪ ಅಳೆದು ಸರಾಸರಿ ಕೊಡುತ್ತದೆ. ಕೈಯಲ್ಲಿ ಗೆರೆ ಎಳೆಯಲು ಕೂತರೆ ಒಂದು ಗಂಟಿಗೆ ಗಂಟೆಗಟ್ಟಲೆ ಬೇಕು. ಆದರೆ ಲೆಕ್ಕ ಹಾಕಿ ನೋಡಿ. ಸವೆತ ಶುರುವಾದ ಗಂಟಿನಲ್ಲೂ ಸರಾಸರಿ ವರ್ಷಕ್ಕೆ ಶೇಕಡಾ 1–2ರ ಆಸುಪಾಸು ತೆಳುವಾಗುತ್ತದೆ. 2 ಮಿ.ಮೀ.ಗೆ ಅದು 0.02–0.04 ಮಿ.ಮೀ. ನಾವು ತೆಗೆಯುವ ಚಿತ್ರದ ಒಂದು ಚುಕ್ಕೆಯೇ 0.3–0.4 ಮಿ.ಮೀ. ಇರುತ್ತದೆ! ಸಾವಿರಾರು ಜನರ ಸರಾಸರಿಯಲ್ಲಿ ಇಷ್ಟು ಸಣ್ಣ ಬದಲಾವಣೆಯೂ ಕಾಣುತ್ತದೆ. ಅಮೆರಿಕದಲ್ಲಿ 2004ರಿಂದ 4,796 ಜನರನ್ನು ಹಿಂಬಾಲಿಸಿದ ಅಧ್ಯಯನದಲ್ಲಿ 0.7 ಮಿ.ಮೀ. ದಪ್ಪದ ಸ್ಲೈಸ್ (ಒಂದು ಚಿತ್ರದಲ್ಲಿ ಬರುವ ಪದರ) ತೆಗೆದರು. ನಮ್ಮಲ್ಲಿ ಮಾಮೂಲಿ ಸ್ಲೈಸ್ 3 ಮಿ.ಮೀ. ಒಬ್ಬರ ಒಂದು ಗಂಟಿನಲ್ಲಿ ಇಷ್ಟು ಸಣ್ಣ ಬದಲಾವಣೆಯನ್ನು ನಂಬುವುದು ಕಷ್ಟ.

ಇನ್ನೊಂದು ವಿಷಯ. ಭಾರ ಬಿದ್ದರೆ ಕಾರ್ಟಿಲೇಜ್ ಸ್ವಲ್ಪ ಹೊತ್ತು ಅಮುಕಿ ತೆಳುವಾಗುತ್ತದೆ. ತೋಟದ ಧರೆ ಹತ್ತಿಳಿದು ನೇರ ಬಂದು ಮಲಗಿದರೆ, ಸಾಫ್ಟ್‌ವೇರ್ ಅದನ್ನೂ ಸವೆತ ಅಂತಲೇ ಬರೆಯುತ್ತದೆ. ಮಷೀನ್ ಬದಲಾದರಂತೂ ಹೋಲಿಕೆಯೇ ಬೇಡ.

ಮೆನಿಸ್ಕಸ್ ಗ್ರೇಡ್ 2 ಅಂದರೆ ಹರಿದಿದೆ ಅಂತಲ್ಲ, ಒಳಗಿನ ಬದಲಾವಣೆ ಮೇಲ್ಮೈವರೆಗೆ ಬಂದಿಲ್ಲ ಅಂತ. ನಿಜವಾಗಿ ಹರಿದಿದ್ದರೂ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. 2008ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 50–90 ವಯಸ್ಸಿನ 991 ಜನರ ಎಂಆರ್‌ಐ ಫಲಿತಾಂಶ ಪ್ರಕಟವಾಯ್ತು. ಮೆನಿಸ್ಕಸ್ ಹರಿದಿದ್ದವರಲ್ಲಿ ಶೇಕಡಾ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಗಂಟು ನೋವೇ ಇರಲಿಲ್ಲ.

ಆ ದುಡ್ಡಲ್ಲಿ ಫಿಸಿಯೋ ಹತ್ತಿರ ತೊಡೆಯ ವ್ಯಾಯಾಮ ಕಲಿಸಿ. ಅಡಕೆ ಸುಲಿಯಲು ಮಣೆ ಬಿಟ್ಟು ಎತ್ತರದ ಸ್ಟೂಲಲ್ಲಿ ಕೂರಲಿ. ಆಯಿ ಒಪ್ಪುತ್ತಾರಾ, ಅದೇ ದೊಡ್ಡ ಪ್ರಶ್ನೆ ಅಲ್ವಾ! ಗಂಟು ಸಿಕ್ಕಿಕೊಂಡು ಬಿಡಿಸಲಾಗದಿದ್ದರೆ ಅಥವಾ ಇದ್ದಕ್ಕಿದ್ದಂತೆ ಊದಿದರೆ ಮಾತ್ರ ತಡ ಮಾಡದೆ ಮೂಳೆ ಡಾಕ್ಟರಿಗೆ ತೋರಿಸಿ. ಎಂಆರ್‌ಐ ಮತ್ತೆ ಬೇಕಾ ಅಂತ ಅವರೇ ಹೇಳಲಿ.