ಇಂಗ್ಲೆಂಡಿನ ಹಳೆಯ ಪಬ್‌ಗಳ ಮುಂದೆ ಚಿತ್ರದ ಬೋರ್ಡ್ ಏಕೆ? ಅದನ್ನು ಉಳಿಸುವುದು ಹೇಗೆ?

ಓದು ಬಾರದವರಿಗೂ ಗುರುತು ಸಿಗಲಿ ಎಂದು. ದೊರೆ ಎರಡನೇ ರಿಚರ್ಡನ ಕಾಲದಲ್ಲಿ, 1393ರಲ್ಲಿ, ಏಲ್ ಎಂಬ ಬಾರ್ಲಿ ಮದ್ಯ ಮಾರುವವರು ಬಾಗಿಲ ಮುಂದೆ ಗುರುತು ಹಾಕಲೇಬೇಕೆಂಬ ಕಟ್ಟಳೆ ಬಂತು. ಮದ್ಯದ ಗುಣ ಪರೀಕ್ಷಿಸುವ ಅಧಿಕಾರಿಗೂ ಅಂಗಡಿ ಗೊತ್ತಾಗಬೇಕಿತ್ತು. ಕ್ರಮೇಣ ಚಿತ್ರವೇ ಹೆಸರಾಯಿತು. ‘ವೈಟ್ ಹಾರ್ಟ್’, ಅಂದರೆ ಬಿಳಿ ಗಂಡುಜಿಂಕೆ, ಅದೇ ರಿಚರ್ಡನ ಲಾಂಛನ. ‘ರಾಯಲ್ ಓಕ್’ ಎಂದರೆ 1651ರಲ್ಲಿ ವೂಸ್ಟರ್ ಕದನ ಸೋತ ಎರಡನೇ ಚಾರ್ಲ್ಸ್ ಅಡಗಿ ಕುಳಿತ ಮರ. ಇಂಥ ಹೆಸರನ್ನು ಅಳಿಸಿ ಹೊಸದಿಟ್ಟರೆ ಚರಿತ್ರೆಯ ಒಂದು ಎಳೆಯೇ ಕಡಿದುಹೋಗುತ್ತದೆ.

ಮರದ ಬೋರ್ಡು ಸಾಮಾನ್ಯವಾಗಿ ಕೆಳ ಅಂಚಿನಿಂದ ಕೆಡುತ್ತದೆ. ಮಳೆನೀರು ಅಲ್ಲಿ ನಿಂತು, ಕೊಯ್ದ ತುದಿಯಿಂದ ಒಳಗಿಳಿದು, ಬಣ್ಣವನ್ನು ಹಕ್ಕಳೆಯಾಗಿ ಎಬ್ಬಿಸುತ್ತದೆ. ಅಂಚನ್ನು ಪೂರ್ತಿ ಒಣಗಿಸಿ ಪ್ರೈಮರ್ ಹಚ್ಚದೆ ಮೇಲೆ ಎಷ್ಟು ಬಳಿದರೂ ನಿಲ್ಲದು. ಹಳೆ ಬಣ್ಣ ಕೆರೆಯುವ ಮುನ್ನ ಎರಡೂ ಮಗ್ಗುಲಿನ ಫೋಟೊ, ಅಕ್ಷರಗಳ ಅಳತೆ ತೆಗೆದಿಡಬೇಕು. ಬಿಸಿಲಿನ ಮಗ್ಗುಲು ಬೇಗ ಮಾಸುವುದರಿಂದ, ನೆರಳಿನ ಮಗ್ಗುಲಿನಲ್ಲೇ ಮೂಲ ಬಣ್ಣ ಸಿಗುವುದು. ಕಬ್ಬಿಣದ ಕೊಕ್ಕೆ, ಬ್ರಾಕೆಟ್ಟುಗಳ ತುಕ್ಕನ್ನೂ ಆಗಲೇ ನೋಡಿ. ಬೋರ್ಡು ಕಳಚಿ ಬೀಳುವುದು ಅಲ್ಲಿಂದಲೇ.