ಬ್ರುನನ್‌ಬುರ್ ಯುದ್ಧ ಹಾಗೇ ಇರಲಿ, ರಾಜನಿಗೊಬ್ಬ ಮಗನನ್ನು ಕೊಡಿ

ಪ್ರಶ್ನೆ: ನಾನೊಂದು ‘ಹೀಗಾಗಿದ್ದರೆ?’ ಎಂಬ ಬಗೆಯ ಇತಿಹಾಸದ ಕಥೆ ಬರೆಯುತ್ತಿದ್ದೇನೆ. ಆಂಗ್ಲೋ-ಸ್ಯಾಕ್ಸನ್ನರು, ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಕೆಲ್ಟರು, ಯಾರ್ಕ್-ಡಬ್ಲಿನ್‌ನ ವೈಕಿಂಗರು 10ನೇ ಶತಮಾನದಲ್ಲೇ ಒಂದು ರಾಜ್ಯವಾಗಬೇಕು. 937ರ ಬ್ರುನನ್‌ಬುರ್ ಯುದ್ಧದ ಫಲಿತಾಂಶ ತಿರುಗಿಸಿದರೆ ಸಾಕಾ? ಆಗ 1066ರಲ್ಲಿ ನಾರ್ಮನ್ನರು ಬರುತ್ತಿದ್ದರಾ?

ಉತ್ತರ: ಸಾಕಾಗಲ್ಲ. ಇಂಥ ಕಥೆ ಬರೆಯುವವರ ಕೈ ಮೊದಲು ಹೋಗುವುದೇ ಯುದ್ಧದ ಮೇಲೆ. ಆದರೆ ಅಲ್ಲಿ ಯಾರು ಯಾಕೆ ಸೇರಿದ್ದರು ಅಂತ ನೋಡಿ. ಒಂದು ಕಡೆ ಇಂಗ್ಲಿಷರ, ಅಂದರೆ ಆಂಗ್ಲೋ-ಸ್ಯಾಕ್ಸನ್ನರ, ರಾಜ ಆಥೆಲ್‌ಸ್ಟನ್. ಇನ್ನೊಂದು ಕಡೆ ಡಬ್ಲಿನ್‌ನ ಓಲಾಫ್, ಸ್ಕಾಟರ ಕಾನ್‌ಸ್ಟಂಟೈನ್, ಸ್ಟ್ರಾತ್‌ಕ್ಲೈಡ್‌ನ ರಾಜ. ಓಲಾಫ್‌ಗೆ ಬೇಕಾಗಿದ್ದು ತನ್ನ ಮನೆತನ ಕಳೆದುಕೊಂಡ ಯಾರ್ಕ್. ಕಾನ್‌ಸ್ಟಂಟೈನ್‌ಗೆ ಬೇಕಾಗಿದ್ದು ನೆಮ್ಮದಿ. ಮೂರೇ ವರ್ಷದ ಹಿಂದೆ ಇಂಗ್ಲಿಷ್ ಸೈನ್ಯ ಅವನ ನಾಡಿನ ಡನಾಟರ್‌ವರೆಗೆ ನುಗ್ಗಿತ್ತು, ಹಡಗುಗಳು ಉತ್ತರದ ತುದಿಯ ಕೇತ್‌ನೆಸ್‌ವರೆಗೆ ಹೋಗಿದ್ದವು. ಎಲ್ಲರೂ ಸೇರಿ ಒಂದು ನಾಡು ಕಟ್ಟೋಣ ಅನ್ನುವ ಆಸೆ ಯಾರಿಗೂ ಇರಲಿಲ್ಲ.

ಓಲಾಫ್ ಗೆದ್ದಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ಊಹೆಯೂ ಬೇಕಿಲ್ಲ. 939ರಲ್ಲಿ ಆಥೆಲ್‌ಸ್ಟನ್ ಸತ್ತ. ಸೋತು ಓಡಿದ್ದ ಅದೇ ಓಲಾಫ್ ಬಂದು ಯಾರ್ಕ್ ಹಿಡಿದ. ಮರುವರ್ಷ ಲೆಸ್ಟರ್‌ವರೆಗಿನ ನಾಡೂ ಅವನ ಕೈಗೆ ಬಂತು. 941ರಲ್ಲಿ, ಅಂದರೆ ನಮ್ಮ ಪಂಪ ಆದಿಪುರಾಣ ಮುಗಿಸಿದ ವರ್ಷ, ಅವನೂ ಸತ್ತ. 944ಕ್ಕೆ ಯಾರ್ಕ್ ಮತ್ತೆ ಇಂಗ್ಲಿಷರದು. ಗೆದ್ದಿದ್ದರೆ ಸಿಗುತ್ತಿದ್ದದ್ದು ಹೆಚ್ಚೂಕಮ್ಮಿ ಅಷ್ಟೇ.

ಇನ್ನು ಕೆಲ್ಟ್-ವೈಕಿಂಗ್ ಒಕ್ಕೂಟ. ಅದರ ಕನಸು ಕಂಡವರಿದ್ದರು. ಆ ಶತಮಾನದ ಒಂದು ವೇಲ್ಸ್ ಕವನ, ಡಬ್ಲಿನ್‌ನವರನ್ನೂ ಐರಿಷರನ್ನೂ ಕಾರ್ನ್‌ವಾಲ್‌ನವರನ್ನೂ ಕೂಡಿಸಿಕೊಂಡು ಸ್ಯಾಕ್ಸನ್ನರನ್ನು ಸಮುದ್ರದಾಚೆ ಅಟ್ಟೋಣ ಎನ್ನುತ್ತದೆ. ಕವಿಗೆ ಹೆಚ್ಚು ಸಿಟ್ಟು ಇರುವುದು ಇಂಗ್ಲಿಷರ ದೊಡ್ಡ ರಾಜನ ಕಪ್ಪ ವಸೂಲಿಗೆ ಬರುವವರ ಮೇಲೆ. ಸುಂಕದವರ ಮುಂದೆ ಸುಖದುಃಖ ಹೇಳಿ ಸೋತವನ ಸಿಟ್ಟು ಅದು. ಇಂಗ್ಲಿಷ್ ಚರಿತ್ರೆಕಾರ, ಮಾಮ್ಸ್‌ಬರಿಯ ವಿಲಿಯಂ ಪ್ರಕಾರ ವೇಲ್ಸ್ ರಾಜರು ವರ್ಷಕ್ಕೆ 20 ಪೌಂಡ್ ಚಿನ್ನ, 300 ಪೌಂಡ್ ಬೆಳ್ಳಿ, 25,000 ಎತ್ತು ಕೊಡಬೇಕಿತ್ತು. ಅವನು ಬರೆದದ್ದು ಇನ್ನೂರು ವರ್ಷ ಆದಮೇಲೆ, ಹಾಗಾಗಿ ಎತ್ತಿನ ಲೆಕ್ಕ ಕಣ್ಣುಮುಚ್ಚಿ ನಂಬಬೇಡಿ. ಹೊರೆ ಜಾಸ್ತಿ ಇದ್ದದ್ದು ಮಾತ್ರ ನಿಜ. ಇಷ್ಟಾದರೂ ವೇಲ್ಸ್‌ನ ದೊಡ್ಡ ರಾಜ ಹವೆಲ್ 937ರಲ್ಲಿ ಯುದ್ಧಕ್ಕೆ ಬರಲಿಲ್ಲ. ಆಥೆಲ್‌ಸ್ಟನ್‌ನ ಆಸ್ಥಾನದಲ್ಲಿ ‘ಕಿರುರಾಜ’ ಅಂತ ದಾನಪತ್ರಗಳಿಗೆ ಸಾಕ್ಷಿ ಹಾಕುತ್ತಿದ್ದವನು ಅವನು. ಗೆಲ್ಲುವ ಕುದುರೆ ಯಾವುದು ಅಂತ ಲೆಕ್ಕ ಹಾಕಿ ಮನೆಯಲ್ಲೇ ಕುಳಿತ ಅನಿಸುತ್ತದೆ.

ಹಾಗಾದರೆ ಆಥೆಲ್‌ಸ್ಟನ್‌ನೇ ದ್ವೀಪವನ್ನು ಒಂದು ಮಾಡಿಬಿಟ್ಟಿದ್ದನಲ್ವಾ ಅಂತ ನೀವು ಕೇಳಬಹುದು. 927ರಲ್ಲಿ ಯಾರ್ಕ್ ಹಿಡಿದ. ಅದೇ ಜುಲೈ 12ರಂದು ಈಮಂಟ್ ಎಂಬಲ್ಲಿ ಸ್ಕಾಟ್, ವೇಲ್ಸ್ ರಾಜರೆಲ್ಲ ಅವನಿಗೆ ತಲೆಬಾಗಿದರು. ‘ಇಡೀ ಬ್ರಿಟನ್ನಿನ ರಾಜ’ ಎಂದು ನಾಣ್ಯದ ಮೇಲೆ ಬರೆಸಿಕೊಂಡ. ಆದರೆ ಆ ನಾಣ್ಯ ಅಚ್ಚಾಗುತ್ತಿದ್ದದ್ದು ಎಲ್ಲಿ? ಇಂಗ್ಲಿಷ್ ಪಟ್ಟಣಗಳಲ್ಲಿ. ಸ್ಕಾಟರು ಸ್ವಂತ ನಾಣ್ಯ ಹೊಡೆದದ್ದೇ 1130ರ ದಶಕದಲ್ಲಿ. ಅವನ ತೆರಿಗೆ, ನ್ಯಾಯಸಭೆ, ಟಂಕಸಾಲೆ ಎಲ್ಲಿ ನಿಂತವೋ ಅವನ ರಾಜ್ಯವೂ ಅಲ್ಲಿಗೇ ನಿಂತಿತ್ತು. ಆಚೆಗಿದ್ದವರು ಮಾಂಡಲಿಕರು. ಮಾಂಡಲಿಕ ಅಂದರೇನು ಅಂತ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 973ರಲ್ಲಿ ಇಂಗ್ಲಿಷ್ ರಾಜ ಎಡ್ಗರ್‌ನಿಗೆ ಚೆಸ್ಟರ್‌ನಲ್ಲಿ ಆರು ರಾಜರು ನಿಷ್ಠೆ ಹೇಳಿದರು. ಅವನನ್ನು ದೋಣಿಯಲ್ಲಿ ಕೂರಿಸಿ ತಾವೇ ಹುಟ್ಟು ಹಾಕಿದರು ಅನ್ನುವುದು ಆಮೇಲಿನವರು ಸೇರಿಸಿದ ಒಗ್ಗರಣೆ. ಅದೇ 973ರಲ್ಲಿ ಇಲ್ಲಿ ರಾಷ್ಟ್ರಕೂಟರನ್ನು ಕೆಡವಿದ ತೈಲಪ ಅವರದೇ ಸಾಮಂತನಾಗಿದ್ದ!

ನಿಮ್ಮ ಕಥೆಗೆ ಒಂದೇ ಒಂದು ಬದಲಾವಣೆ ಕೊಡಿ ಎಂದರೆ ನಾನು 939ರ ಅಕ್ಟೋಬರ್ 27ಕ್ಕೆ ಹೋಗುತ್ತೇನೆ. ಆಥೆಲ್‌ಸ್ಟನ್ ಗ್ಲಾಸ್ಟರ್‌ನಲ್ಲಿ ಸತ್ತ ದಿನ. ವಯಸ್ಸು ಸುಮಾರು 45. ಮದುವೆ ಇಲ್ಲ, ಮಕ್ಕಳಿಲ್ಲ. ವಿಚಿತ್ರ ಅಂದರೆ ಅವನ ಮನೆ ತುಂಬ ಬೇರೆಯವರ ಮಕ್ಕಳಿದ್ದರು. ಅಲ್ಲಿ ಬೆಳೆದ ಲೂಯಿ ಫ್ರಾನ್ಸಿನ ರಾಜನಾದ, ಹಾಕೊನ್ ನಾರ್ವೆಯ ರಾಜನಾದ, ಅಲನ್ ಈಗಿನ ಫ್ರಾನ್ಸಿನಲ್ಲಿರುವ ಬ್ರಿಟನಿಯ ಒಡೆಯನಾದ. ಮೂರು ನಾಡಿಗೆ ಅರಸರನ್ನು ಸಾಕಿಕೊಟ್ಟವನ ಗಾದಿ ಹದಿನೆಂಟರ ಮಲತಮ್ಮ ಎಡ್ಮಂಡ್ ಪಾಲಾಯಿತು. ಅವನು 946ರಲ್ಲಿ ಒಂದು ಹೊಡೆದಾಟದಲ್ಲಿ ಸತ್ತ. 939ರಿಂದ 959ರೊಳಗೆ ನಾಲ್ಕು ರಾಜರು ಮಣ್ಣಾದರು. ಯಾರ್ಕ್ ಕೈಯಿಂದ ಕೈಗೆ ಹೋಗುತ್ತಲೇ ಇತ್ತು, 954ರಲ್ಲಿ ಕೊನೆಯ ವೈಕಿಂಗ್ ರಾಜ ಎರಿಕ್‌ನನ್ನು ಓಡಿಸುವವರೆಗೆ.

ಆಥೆಲ್‌ಸ್ಟನ್‌ಗೆ ಇನ್ನೂ 15 ವರ್ಷ ಆಯುಸ್ಸು ಕೊಡಿ, ಬೆಳೆದ ಒಬ್ಬ ಮಗನನ್ನು ಕೊಡಿ. ಯಾರ್ಕ್ ಅಷ್ಟು ಮೊದಲೇ ಗಟ್ಟಿಯಾಗುತ್ತದೆ. ವೇಲ್ಸ್ ನಿಧಾನಕ್ಕೆ ಒಳಗೆ ಬರುತ್ತದೆ, ಹವೆಲ್ ಆಗಲೇ ಅರ್ಧ ಬಂದಿದ್ದ. ಫೋರ್ತ್ ನದಿಯಾಚೆಯ ಸ್ಕಾಟರು, ಡಬ್ಲಿನ್? ನನಗೆ ನಂಬಿಕೆ ಇಲ್ಲ. ಕತೆಗಾರರು ನೀವು, ನಂಬಿಸಿ ನೋಡೋಣ.

ನಾರ್ಮನ್ನರ ಪ್ರಶ್ನೆ ಸುಲಭ. 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮಂಡಿಯ ದೊರೆ ವಿಲಿಯಂನ ಹಕ್ಕಿನ ಬೇರು ಇದ್ದದ್ದು 1002ರಲ್ಲಿ ನಾರ್ಮಂಡಿಯ ಎಮ್ಮಾ ಇಂಗ್ಲಿಷ್ ರಾಜ ಎಥೆಲ್‌ರೆಡ್‌ನನ್ನು ಮದುವೆಯಾದದ್ದರಲ್ಲಿ. ಎಥೆಲ್‌ರೆಡ್ ಇದೇ ಎಡ್ಮಂಡ್‌ನ ಮೊಮ್ಮಗ. ಗಾದಿ ಆಥೆಲ್‌ಸ್ಟನ್‌ನ ಮಗನಿಗೆ ಹೋದರೆ ಎಥೆಲ್‌ರೆಡ್ ರಾಜನೇ ಆಗಲ್ಲ, ಎಮ್ಮಾ ಅಲ್ಲಿಗೆ ಬರಲ್ಲ. ಸುಮ್ನೆ ದೋಚಲು ಯಾರಾದರೂ ಬರಬಹುದು, ಆದರೆ ನಾವು ಓದಿದ 1066 ಇರುವುದಿಲ್ಲ.

ಪ್ರಶ್ನೆ: ಆ ರಾಜ್ಯದ ಭಾಷೆ ಹೇಗಿರುತ್ತಿತ್ತು?

ಉತ್ತರ: ಇಂಗ್ಲಿಷೇ, ಫ್ರೆಂಚ್ ಬೆರಕೆ ಕಡಿಮೆ. ‘ಎಗ್’, ‘ಸ್ಕೈ’, ‘ವಿಂಡೋ’, ‘ದೇ’ ಎಲ್ಲ ವೈಕಿಂಗರು ಕೊಟ್ಟ ಮಾತು. ‘ಲಾ’ ಕೂಡ. ನಾವು ದಿನಾ ಬಳಸುವ ‘ಕೋರ್ಟು’, ‘ಜಡ್ಜ್’ ಫ್ರೆಂಚಿನವು. ಆ ಲೋಕದಲ್ಲಿ ಕೋರ್ಟಿನ ಬದಲು ಇಂಗ್ಲಿಷರ ‘ಮೂಟ್’ ಅಥವಾ ವೈಕಿಂಗರ ‘ಥಿಂಗ್’ ಇರುತ್ತಿತ್ತು. ಕಾನೂನು ಓದುವ ಹುಡುಗರಿಗೆ ಮೂಟ್ ಇವತ್ತಿಗೂ ಗೊತ್ತು. ಥಿಂಗ್ ಸೇರುತ್ತಿದ್ದ ಬಯಲಿನ ಹೆಸರು ಹೊತ್ತ ಥಿಂಗ್‌ವಾಲ್ ಎಂಬ ಊರು ವಾಯವ್ಯ ಇಂಗ್ಲೆಂಡಿನ ವಿರಲ್‌ನಲ್ಲಿದೆ. ಅಲ್ಲಿಂದ ಕೆಲವೇ ಮೈಲಿ ದೂರದ ಬ್ರೊಂಬರಾವೇ ಬ್ರುನನ್‌ಬುರ್ ಎನ್ನುವವರು ಜಾಸ್ತಿ.